ಉಣ್ಣುವ ಬಗೆಯನ್ನು ಅಳೆಯುವ ಪ್ರಶ್ನೆಗಳು

ದಿನಸಿ ಅಂಗಡಿಯ ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತುವ ಏರ್ಪಾಡು ನಮ್ಮಲ್ಲಿದೆ. ಮುದ್ರೆಯಿಲ್ಲದ ಕಲ್ಲಿನಿಂದ ತೂಗಿದರೆ ಅದು ಅಪರಾಧ. ಅಕ್ಕಿಯನ್ನು ತೂಗುವ ಕಲ್ಲಿಗೆ ಇಷ್ಟು ಕಟ್ಟುನಿಟ್ಟು ಇರುವಾಗ, ಆ ಅಕ್ಕಿಯನ್ನು ಉಣ್ಣುವ ಮನುಷ್ಯನ ಮನಸ್ಸನ್ನು ತೂಗುವ ಸಾಧನಕ್ಕೆ ಎಂಥ ಪರೀಕ್ಷೆ ಇರಬೇಕು? ಮನಸ್ಸನ್ನು ತೂಗುವುದೆಂದರೆ ವಿಚಿತ್ರವಾಗಿ ಕೇಳಿಸಬಹುದು. ಆದರೆ ವೈದ್ಯರೂ ಮನಶ್ಶಾಸ್ತ್ರಜ್ಞರೂ ಪ್ರಶ್ನಾವಳಿ ಎಂಬ ಸಾಧನದಿಂದ ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಒಂದು ಭಾಷೆಯಲ್ಲಿ ಹುಟ್ಟಿದ ಪ್ರಶ್ನಾವಳಿಯನ್ನು ಇನ್ನೊಂದು ಭಾಷೆಗೆ ತಂದಾಗ ಅದು ಮೊದಲಿನದನ್ನೇ ಅಳೆಯುತ್ತದೆಯೆ ಎಂಬುದು ಇಂದಿನ ನನ್ನ ಮಾತಿನ ವಿಷಯ.

ಉಣ್ಣುವ ಬಗೆ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಯಾರು ಏನು ತಿನ್ನುತ್ತಾರೆ, ವಾರಕ್ಕೆ ಎಷ್ಟು ಸಲ ತಿನ್ನುತ್ತಾರೆ ಎಂಬುದು ಒಂದು ಬಗೆಯ ವಿಚಾರಣೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಬಂದು ಹಾಲು ಮೊಸರು, ಬೇಳೆಕಾಳು, ಸೊಪ್ಪು, ಹಣ್ಣು, ಮೊಟ್ಟೆ, ಮೀನು, ಮಾಂಸಗಳನ್ನು ನಿತ್ಯ ಬಳಸುತ್ತೀರೊ, ವಾರಕ್ಕೊಮ್ಮೆಯೊ, ಅಪರೂಪಕ್ಕೊ ಎಂದು ಕೇಳುವುದು ಈ ಬಗೆಯದು. ನಾನು ಹೇಳಹೊರಟದ್ದು ಇದಲ್ಲ. ಮನುಷ್ಯನು ಏಕೆ ಉಣ್ಣುತ್ತಾನೆ, ಏಕೆ ಉಣ್ಣದೆ ಬಿಡುತ್ತಾನೆ, ಹಸಿವಿಗಾಗಿಯೊ, ದುಃಖ ಮರೆಯಲೊ, ಕಣ್ಣಿಗೆ ಬಿತ್ತೆಂದೊ ಎಂಬುದನ್ನು ಶೋಧಿಸುವ ಪ್ರಶ್ನೆಗಳು ಬೇರೆ.

ಇಂಥ ಪ್ರಶ್ನಾವಳಿಗಳಲ್ಲಿ ಮೂರು ಹೆಸರಾದವು. ಗಾರ್ನರ್ ಮತ್ತು ಗಾರ್ಫಿಂಕೆಲ್ ಎಂಬುವರು ೧೯೭೯ರಲ್ಲಿ ಊಟದ ಬಗೆಗಿನ ಮನೋಭಾವವನ್ನು ಪರೀಕ್ಷಿಸುವ ೪೦ ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು; ೧೯೮೨ರಲ್ಲಿ ಅದನ್ನು ೨೬ಕ್ಕೆ ಇಳಿಸಲಾಯಿತು. ಸ್ಟಂಕರ್ಡ್ ಮತ್ತು ಮೆಸಿಕ್ ಎಂಬುವರ ೫೧ ಪ್ರಶ್ನೆಗಳ ಪಟ್ಟಿ ೧೯೮೫ರಲ್ಲಿ ಬಂದಿತು. ೧೯೮೬ರಲ್ಲಿ ಹಾಲೆಂಡಿನ ತತ್ಯಾನಾ ವಾನ್ ಸ್ಟ್ರೀನ್ ಮತ್ತು ಸಂಗಡಿಗರು ೩೩ ಪ್ರಶ್ನೆಗಳ ಡಚ್ ಪ್ರಶ್ನಾವಳಿಯನ್ನು ಹೊರತಂದರು. ಅದರಲ್ಲಿ ಮೂರು ಭಾಗಗಳಿವೆ. ಬೇಕೆನಿಸಿದರೂ ತಡೆದುಕೊಂಡು ಕಡಿಮೆ ಉಣ್ಣುವುದು, ಅಂದರೆ ನಿಗ್ರಹದ ಊಟ, ಮೊದಲನೆಯದು. ಇದಕ್ಕೆ ೧೦ ಪ್ರಶ್ನೆಗಳು. ಕೋಪ, ಚಿಂತೆ, ಒಂಟಿತನಗಳು ಕವಿದಾಗ ತಿನ್ನಹೋಗುವುದು, ಅಂದರೆ ಭಾವವಶವಾದ ಊಟ, ಎರಡನೆಯದು, ಇದಕ್ಕೆ ೧೩. ಹಸಿವಿಲ್ಲದಿದ್ದರೂ ಕಂಪು ಮೂಗಿಗೆ ಬಡಿದೊಡನೆ ಕೈಚಾಚುವುದು, ಅಂದರೆ ಹೊರಸೆಳೆತದ ಊಟ, ಮೂರನೆಯದು, ಇದಕ್ಕೆ ೧೦. ಪ್ರತಿಯೊಂದು ಪ್ರಶ್ನೆಗೂ ‘ಎಂದೂ ಇಲ್ಲ’ ಎಂಬಲ್ಲಿಂದ ‘ಬಹಳ ಸಲ’ ಎಂಬವರೆಗೆ ಐದು ಮೆಟ್ಟಿಲುಗಳ ಉತ್ತರ. ಇಂಗ್ಲಿಷಿನಲ್ಲಿ ನಾವು ಓದುವ ರೂಪವೂ ಡಚ್ಚಿನಿಂದ ಬಂದದ್ದು ಎಂಬುದನ್ನು ಮರೆಯಬಾರದು. ನಾವು ಕನ್ನಡಿಸುವ ಹೊತ್ತಿಗೆ ಪ್ರಶ್ನೆ ಎರಡನೆಯ ಹೊಳೆಯನ್ನು ದಾಟುತ್ತಿರುತ್ತದೆ.

ಇದು ನಮಗೇಕೆ ಬೇಕು ಎಂದು ಕೆಲವರು ಕೇಳಬಹುದು. ಉಣ್ಣಲು ಹೆದರಿ ಸೊರಗುವ ಕಾಯಿಲೆ ಪಶ್ಚಿಮದ ಶ್ರೀಮಂತರದು, ನಮ್ಮದಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ ಪ್ರಭಾ ಚಂದ್ರ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಬ್ಬರನ್ನಾದರೂ ಕಂಡಿದ್ದುದಾಗಿ ತಿಳಿಸಿದರು. ಮೈಸೂರಿನ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದು ೨೦೧೮ರಲ್ಲಿ ಪ್ರಕಟವಾಯಿತು. ಇನ್ನೊಂದು ಕಡೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಹಳ್ಳಿಗಳನ್ನು ಹೊಕ್ಕಿವೆ. ‘ಕಡಿಮೆ ಉಣ್ಣಿ’ ಎಂಬುದು ವೈದ್ಯರ ನಿತ್ಯದ ಮಾತಾಗಿದೆ. ಯಾರಿಗೆ ಆ ಮಾತು ಹಿಡಿಸೀತು, ಯಾರಿಗೆ ಹಿಡಿಸದು ಎಂದು ತಿಳಿಯಬೇಕಾದರೆ ಉಣ್ಣುವ ಬಗೆಯನ್ನು ಅರಿಯಲೇಬೇಕು.

ನಗರದ ಕಾಲೇಜುಗಳಲ್ಲಿ ಇಂಗ್ಲಿಷ್ ಪ್ರಶ್ನಾವಳಿಯಿಂದಲೇ ಕೆಲಸ ಸಾಗಿಸಬಹುದು. ಹಳ್ಳಿಗೆ ಹೋದಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಉದಾಹರಣೆಗಾಗಿ ನಾನು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಯ ನೀರು ಹರಿದ ಮೇಲೆ ಸಿರುಗುಪ್ಪ ಸೀಮೆ ಭತ್ತದ ಕಣಜವಾಯಿತು. ಜೋಳದ ರೊಟ್ಟಿಯ ಪಕ್ಕದಲ್ಲಿ ಅನ್ನ ನಿತ್ಯದ ಊಟವಾಗಿ ಕುಳಿತಿತು. ಅದೇ ವರ್ಷ ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಗಡಿಯ ಈ ಊರುಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಉರ್ದುವೂ ಕಿವಿಗೆ ಬೀಳುತ್ತವೆ. ಇದಕ್ಕೂ ಹಿಂದಿನ ನೆನಪೊಂದಿದೆ. ೧೮೭೬ರಿಂದ ೧೮೭೮ರವರೆಗಿನ ಮಹಾ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ತುಂಬ ನೊಂದ ಜಿಲ್ಲೆಗಳಲ್ಲೊಂದು. ಪರಿಹಾರದ ಕೆಲಸಕ್ಕೆ ಬಂದವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ್ದನ್ನು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಸಾಲದೆಂದು ಪ್ರತಿಭಟಿಸಿದರು. ಹೊಟ್ಟೆಯ ವಿಷಯದಲ್ಲಿ ಅಳತೆ ತಪ್ಪಿದರೆ ಏನಾಗುತ್ತದೆಂಬುದು ಈ ನೆಲಕ್ಕೆ ಹೊಸ ಪಾಠವಲ್ಲ.

ಇನ್ನು ಅನುವಾದದ ಕ್ರಮ. ಎರಡೂ ಭಾಷೆ ಬಲ್ಲ ಇಬ್ಬರು ಬೇರೆಬೇರೆಯಾಗಿ ಕನ್ನಡಿಸುತ್ತಾರೆ. ಎರಡನ್ನೂ ಹೋಲಿಸಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಮೂಲವನ್ನು ನೋಡದ ಮೂರನೆಯವರು ಆ ಪಾಠವನ್ನು ಇಂಗ್ಲಿಷಿಗೆ ಮರಳಿ ತಿರುಗಿಸುತ್ತಾರೆ. ಹೋದದ್ದೂ ಬಂದದ್ದೂ ಒಂದೇ ಆಗಿದ್ದರೆ ಅನುವಾದ ಸರಿ ಎಂಬುದು ಎಣಿಕೆ. ರಿಚರ್ಡ್ ಬ್ರಿಸ್ಲಿನ್ ೧೯೭೦ರಲ್ಲಿ ಬರೆದ ಲೇಖನದಿಂದ ಈ ಮರು ಅನುವಾದದ ವಿಧಾನ ಎಲ್ಲೆಡೆ ರೂಢಿಗೆ ಬಂತು. ಒಳ್ಳೆಯ ವಿಧಾನವೇ, ಆದರೆ ಅದರಲ್ಲಿ ಒಂದು ಕಣ್ಕಟ್ಟು ಅಡಗಿದೆ. ಹೋಗುವವರೂ ಬರುವವರೂ ಓದಿದವರು. ‘ನಾನು ಆಹಾರ ಸೇವನೆಯಲ್ಲಿ ಸಂಯಮವನ್ನು ಪಾಲಿಸುತ್ತೇನೆ’ ಎಂಬ ವಾಕ್ಯವನ್ನು ಅವರು ಕೂದಲೆಳೆಯಷ್ಟೂ ಕೆಡದಂತೆ ಇಂಗ್ಲಿಷಿಗೆ ಒಯ್ಯಬಲ್ಲರು. ಅದೇ ವಾಕ್ಯವನ್ನು ಹಚ್ಚೊಳ್ಳಿಯ ಕಟ್ಟೆಯ ಮೇಲೆ ಓದಿದರೆ ಪುರಾಣದ ಸಾಲೆಂದು ಕೈಮುಗಿದಾರು! ಮರು ಅನುವಾದ ಪದಗಳ ಪ್ರಾಮಾಣಿಕತೆಯನ್ನು ತೋರಿಸುತ್ತದೆ; ಕೇಳಿದವನಿಗೆ ಏನು ಅರ್ಥವಾಯಿತೆಂಬುದನ್ನು ತೋರಿಸುವುದಿಲ್ಲ.

ಮೊದಲ ತೊಡಕು ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನಲ್ಲಿ ಒಂದೇ ಮಾತು. ನಮ್ಮಲ್ಲಿ ‘ಉಣ್ಣು’, ‘ತಿನ್ನು’ ಎಂದು ಎರಡು. ಅನ್ನವನ್ನು ಉಣ್ಣುತ್ತೇವೆ, ಹಣ್ಣನ್ನು ತಿನ್ನುತ್ತೇವೆ. ‘ಈ ದಿನ ಏನು ತಿಂದಿರಿ?’ ಎಂದರೆ ಊಟ ಲೆಕ್ಕಕ್ಕೆ ಬಾರದೆ ಹೋದೀತು, ‘ಏನು ಉಂಡಿರಿ?’ ಎಂದರೆ ನಾಲ್ಕು ಗಂಟೆಯ ಮಂಡಕ್ಕಿ ಲೆಕ್ಕ ತಪ್ಪೀತು. ಚಹಾದೊಡನೆ ಎರಡು ಬಿಸ್ಕತ್ತು ಮುಗಿಸಿದವರು ಸಹ ‘ಏನೂ ತಿಂದಿಲ್ಲ, ಬರಿ ಚಹಾ’ ಎನ್ನುವುದು ಸುಳ್ಳಲ್ಲ, ಭಾಷೆಯ ರೀತಿ. ‘ಉಪವಾಸ’ ಎಂಬ ಪದವೂ ಹೀಗೆಯೇ. ಹೊತ್ತಿನ ಊಟ ತಪ್ಪಿಸುತ್ತೀರಾ ಎಂಬ ಅರ್ಥದಲ್ಲಿ ಅದನ್ನು ಬಳಸಿದರೆ, ಹಣ್ಣು, ಅವಲಕ್ಕಿ, ಸಾಬೂದಾಣಿಗಳಿಂದ ಹೊಟ್ಟೆ ತುಂಬಿಸಿಕೊಂಡವರೂ ಹೌದೆನ್ನುತ್ತಾರೆ. ಒಂದು ಹೊತ್ತು ಮಾತ್ರ ಉಣ್ಣುವುದಕ್ಕೆ ‘ಒಪ್ಪತ್ತು’ ಎಂಬ ಚೆಲುವಾದ ಮಾತು ನಮ್ಮಲ್ಲಿದೆ. ಅದಕ್ಕೆ ಸಮನಾದುದು ಮೂಲದಲ್ಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಬೇಸರ’ದ್ದು. ಡಚ್ ಪ್ರಶ್ನಾವಳಿ ಮನಸ್ಸಿನ ಸ್ಥಿತಿಗಳನ್ನು ಬಿಡಿಬಿಡಿಯಾಗಿ ಕೇಳುತ್ತದೆ. ಮಾಡಲು ಕೆಲಸವಿಲ್ಲದಾಗ, ಮನ ಕುಗ್ಗಿದಾಗ, ಆಸೆಗೆಟ್ಟಾಗ, ರೇಗಿದಾಗ ಎಂದು ಪ್ರತಿಯೊಂದಕ್ಕೂ ಬೇರೆ ಪ್ರಶ್ನೆ. ನಮ್ಮ ಜನ ಇವುಗಳಲ್ಲಿ ಬಹುಪಾಲನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಬೇಸರ. ಹೊತ್ತು ಹೋಗದಿದ್ದರೂ ಬೇಸರ, ಮಗ ಮಾತು ಕೇಳದಿದ್ದರೂ ಬೇಸರ, ಸತ್ತವರನ್ನು ನೆನೆದರೂ ಬೇಸರ. ಬಳ್ಳಾರಿ ಸೀಮೆಯಲ್ಲಿ ಅದು ‘ಬ್ಯಾಸರ’. ಅನುವಾದಕರು ನಿಘಂಟು ತೆಗೆದು ಖಿನ್ನತೆ, ಹತಾಶೆ, ಏಕತಾನತೆ ಎಂದು ಹಂಚಿಕೊಡಬಹುದು. ಕೇಳುಗರು ಅವನ್ನೆಲ್ಲ ಮರಳಿ ಬೇಸರಕ್ಕೇ ಸೇರಿಸಿಕೊಳ್ಳುತ್ತಾರೆ. ಹೀಗಾದಾಗ ಐದು ಪ್ರಶ್ನೆಗಳು ಒಂದೇ ಪ್ರಶ್ನೆಯ ಐದು ಪ್ರತಿಧ್ವನಿಗಳಾಗುತ್ತವೆ. ಇದರ ಫಲವನ್ನು ಮುಂದೆ ನೋಡೋಣ.

ಆದ್ದರಿಂದ ಅನುವಾದದ ಮೇಜಿನಿಂದೆದ್ದು ಊರೊಳಗೆ ಕೂರಬೇಕು. ಪ್ರಶ್ನೆಯನ್ನು ಓದಿ ಉತ್ತರ ಗುರುತು ಹಾಕಿಕೊಂಡರೆ ಸಾಲದು. ‘ಈ ಮಾತಿನಿಂದ ನಿಮಗೆ ಏನು ತಿಳಿಯಿತು? ಯಾಕೆ ಹಾಗೆ ಹೇಳಿದಿರಿ?’ ಎಂದು ಮತ್ತೆ ಕೇಳಬೇಕು. ಅರಿವಿನ ಸಂದರ್ಶನ ಎಂದು ಇದನ್ನು ಕರೆಯಬಹುದು. ನಿಗ್ರಹದ ಊಟಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯ ತಾತ್ಪರ್ಯ ಇಷ್ಟು: ನಿಮಗೆ ಬೇಕೆನಿಸುವುದಕ್ಕಿಂತ ಕಡಿಮೆ ಉಣ್ಣುತ್ತೀರಾ? ಹಚ್ಚೊಳ್ಳಿಯಂಥ ಊರಿನಲ್ಲಿ ಇದಕ್ಕೆ ‘ಬಹಳ ಸಲ’ ಎಂದು ಉತ್ತರಿಸುವವರು ಯಾರು ಯಾರು ಇದ್ದಾರು, ಊಹಿಸಿ ನೋಡೋಣ. ಶ್ರಾವಣ ಸೋಮವಾರದ ಒಪ್ಪತ್ತಿನವರು ಒಬ್ಬರು. ರಂಜಾನಿನ ರೋಜಾ ಹಿಡಿದವರು ಮತ್ತೊಬ್ಬರು. ಸಕ್ಕರೆ ಕಾಯಿಲೆಗೆ ಪಥ್ಯದಲ್ಲಿರುವ ಹಿರಿಯರು ಮೂರನೆಯವರು. ನಾಲ್ಕನೆಯವಳು ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಕೂರುವ ಸೊಸೆ. ಪ್ರಶ್ನೆ ಕೇಳಲು ಬಂದ ಹುಡುಗಿ, ‘ಅಕ್ಕಾ, ಯಾಕ ಕಡಿಮಿ ಉಣ್ತೀರಿ?’ ಎಂದರೆ ಆಕೆ, ‘ಎಲ್ಲಾರದೂ ಆದಮ್ಯಾಲ ಉಳದಿದ್ದು ನನ್ನ ಪಾಲು ತಂಗಿ, ಉಳೀಲಿಲ್ಲಂದ್ರ ಅಷ್ಟ’ ಎಂದಾಳು. ಐದನೆಯವಳು, ತನ್ನ ಮೈಯನ್ನು ಕನ್ನಡಿಯಲ್ಲಿ ನೋಡಲು ಅಂಜಿ, ಉಂಡದ್ದನ್ನು ಗುಟ್ಟಾಗಿ ಕಕ್ಕುವ ಕಾಲೇಜಿನ ಹುಡುಗಿ.

ಐವರಿಗೂ ಅಂಕ ಒಂದೇ. ಒಂದು ಭಕ್ತಿ, ಒಂದು ಧರ್ಮ, ಒಂದು ವೈದ್ಯ, ಒಂದು ಅನ್ಯಾಯ, ಒಂದು ರೋಗ. ಕಾಗದದ ಮೇಲೆ ಮಾತ್ರ ಐದೂ ನಿಗ್ರಹ. ಅನುವಾದದಲ್ಲಿ ಒಂದು ಪದವೂ ತಪ್ಪಿಲ್ಲ. ತಪ್ಪಿರುವುದು ಎಲ್ಲಿ? ‘ಬೇಕೆನಿಸಿದಷ್ಟು ಉಣ್ಣುವುದು ಪ್ರತಿಯೊಬ್ಬರ ಕೈಯಲ್ಲಿದೆ, ಬಿಟ್ಟರೆ ಅದು ಅವರವರ ಇಚ್ಛೆ’ ಎಂಬ ಗ್ರಹಿಕೆ ಮೂಲ ಪ್ರಶ್ನೆಯ ಅಡಿಪಾಯದಲ್ಲಿದೆ. ಆ ಅಡಿಪಾಯ ಇಲ್ಲಿ ಎಲ್ಲ ಮನೆಗಳ ಕೆಳಗೂ ಇಲ್ಲ.

ತೂಕದ ಪ್ರಶ್ನೆಗಳದೂ ಇದೇ ಪಾಡು. ‘ತೂಕ ಹೆಚ್ಚಿದಾಗ ಊಟ ಕಡಿಮೆ ಮಾಡುತ್ತೀರಾ?’ ಎನ್ನಬೇಕಾದರೆ ಕೇಳಿಸಿಕೊಳ್ಳುವವರು ತೂಕ ನೋಡಿಕೊಳ್ಳುವ ರೂಢಿಯವರಾಗಿರಬೇಕು. ಆಸ್ಪತ್ರೆಗೆ ಹೋದಾಗಲಲ್ಲದೆ ತೂಕದ ಯಂತ್ರ ಹತ್ತದವರು ಬಳೆ ಬಿಗಿಯಾದದ್ದರಿಂದ, ರವಿಕೆ ಹಿಡಿಸದಿದ್ದುದರಿಂದ ಅದನ್ನು ತಿಳಿಯುತ್ತಾರೆ. ಮೇಲಾಗಿ ‘ಮೈಕೈ ತುಂಬಿಕೊಂಡಿದ್ದೀಯಾ’ ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು, ‘ಸೊರಗಿದ್ದೀಯಾ’ ಎಂಬುದು ಮರುಕದ ಮಾತು. ಹೊರಸೆಳೆತದ ಭಾಗದಲ್ಲಿ ಬೇಕರಿಯ ಮುಂದೆ ಹಾಯುವಾಗ ಕೊಳ್ಳುವ ಆಸೆಯಾಗುತ್ತದೆಯೆ ಎಂಬ ಪ್ರಶ್ನೆ ಇದೆ. ಇಲ್ಲಿ ಮಾತ್ರ ಪರಿಹಾರ ಸುಲಭ. ಬಾಣಲೆಯಿಂದ ಆಗತಾನೆ ತೆಗೆದ ಮಿರ್ಚಿ ಮತ್ತು ಒಗ್ಗರಣೆ ಮಂಡಕ್ಕಿಯ ಅಂಗಡಿ ಎಂದು ಬದಲಿಸಿದರೆ ಬಳ್ಳಾರಿ ಸೀಮೆಯವರಿಗೆ ಯಾವ ಟೀಕೆಯೂ ಬೇಡ! ಪದ ಬೇರೆಯಾಯಿತು, ಕೇಳಬೇಕಾದದ್ದು ಉಳಿಯಿತು. ಬೇಸರದ ವಿಷಯದಲ್ಲಿ ಪದ ಉಳಿದು ಕೇಳಬೇಕಾದದ್ದು ಹೋಗುತ್ತದೆ. ಒಳ್ಳೆಯ ಅನುವಾದಕನಿಗೆ ಈ ಎರಡರ ಅಂತರ ತಿಳಿದಿರಬೇಕು.

ಉತ್ತರದ ಮೆಟ್ಟಿಲುಗಳನ್ನೂ ಪರೀಕ್ಷಿಸಬೇಕು. ‘ಕೆಲವೊಮ್ಮೆ’ ಎಂಬುದಕ್ಕಿಂತ ‘ಆಗಾಗ’ ಎಂಬುದು ಮೇಲಿನ ಮೆಟ್ಟಿಲೆಂದು ಅನುವಾದಕರು ಎಣಿಸುತ್ತಾರೆ. ಆಡುಮಾತಿನಲ್ಲಿ ‘ಆಗಾಗ ಬರ್ತಿರ್ತಾರೆ’ ಎಂದರೆ ಅಪರೂಪಕ್ಕೆ ಬರುವವರನ್ನೂ ಹೇಳಿದಂತಾಗಬಹುದು. ಮೆಟ್ಟಿಲುಗಳೇ ಹಿಂದುಮುಂದಾದರೆ ಎಣಿಕೆಯೆಲ್ಲ ಹುಸಿ. ಅದಕ್ಕೆ ವಾರದಲ್ಲಿ ಎಷ್ಟು ದಿನ ಎಂದು ಕೇಳುವುದು, ಅಥವಾ ಓದುಬರಹ ಬಾರದವರ ಮುಂದೆ ಐದು ಕಾಳಿನ ಗುಂಪುಗಳನ್ನಿಟ್ಟು ತೋರಿಸಿರೆನ್ನುವುದು ಮೇಲು. ಕೇಳುವ ಸ್ಥಳವೂ ಮುಖ್ಯ. ಅತ್ತೆ ಪಕ್ಕದಲ್ಲಿ ಕೂತು ಆಲಿಸುತ್ತಿರುವಾಗ ಸೊಸೆಯ ಬಾಯಿಂದ ಹೊಟ್ಟೆಯ ಮಾತು ಬಾರದು. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿತವರಿಗೆ ಯಾವ ಭಾಷೆಯಲ್ಲಿ ಕೇಳಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇಷ್ಟಾದ ಮೇಲೆ ಅಂಕಿಗಳ ಪರೀಕ್ಷೆ. ಒಂದು ಪ್ರಶ್ನೆಗೆ ಐವರಿಂದ ಹತ್ತು ಮಂದಿಯಂತೆ ಉತ್ತರ ಬೇಕೆಂಬುದು ಒಂದು ಸ್ಥೂಲ ನಿಯಮ. ೩೩ ಪ್ರಶ್ನೆಗಳಿಗೆ ಅದು ೧೬೫ರಿಂದ ೩೩೦ ಮಂದಿಯಾಗುತ್ತದೆ. ಮೊದಲು ನೋಡುವುದು, ಒಂದು ಭಾಗದ ಪ್ರಶ್ನೆಗಳು ಒಂದಕ್ಕೊಂದು ಒಗ್ಗಿ ನಡೆಯುತ್ತವೆಯೆ ಎಂಬುದನ್ನು. ಇದನ್ನು ಅಳೆಯಲು ಲೀ ಕ್ರಾನ್‌ಬಾಕ್ ೧೯೫೧ರಲ್ಲಿ ಆಲ್ಫಾ ಎಂಬ ಸಂಖ್ಯೆಯನ್ನು ವಿವರಿಸಿದರು. ಅದು ಸಾಮಾನ್ಯವಾಗಿ ೦.೭೦ಕ್ಕಿಂತ ಮೇಲಿದ್ದರೆ ಸಾಕೆನ್ನುತ್ತಾರೆ. ಇಲ್ಲಿ ಬೇಸರದ ಕಥೆಯನ್ನು ನೆನೆಯಬೇಕು. ಐದು ಪ್ರಶ್ನೆಗಳನ್ನೂ ಜನ ಒಂದೇ ಅರ್ಥದಲ್ಲಿ ತೆಗೆದುಕೊಂಡರೆ ಐದಕ್ಕೂ ಒಂದೇ ಉತ್ತರ ಬರುತ್ತದೆ, ಆಲ್ಫಾ ಗಗನಕ್ಕೇರುತ್ತದೆ! ಸಂಶೋಧಕರು ಹಿಗ್ಗುತ್ತಾರೆ. ಅರ್ಥ ಕುಗ್ಗಿದ್ದೇ ಅಂಕಿ ಹಿಗ್ಗಲು ಕಾರಣವೆಂಬುದು ಊರೊಳಗೆ ಕೂತು ಕೇಳಿದವರಿಗಲ್ಲದೆ ಕಾಣದು.

ಎರಡನೆಯದು, ಅದೇ ಜನರನ್ನು ಸುಮಾರು ಎರಡು ವಾರ ಬಿಟ್ಟು ಮತ್ತೆ ಕೇಳುವುದು. ತಕ್ಕಡಿ ನೆಟ್ಟಗಿದ್ದರೆ ಅದೇ ಚೀಲ ಅದೇ ತೂಕ ತೋರಬೇಕಷ್ಟೆ. ಆದರೆ ಮೊದಲ ಸಲ ಶ್ರಾವಣದ ಕೊನೆಯಲ್ಲಿ, ಎರಡನೆಯ ಸಲ ಗಣೇಶನ ಹಬ್ಬದಲ್ಲಿ ಕೇಳಿದರೆ ಬದಲಾದದ್ದು ಚೀಲವೇ ಹೊರತು ತಕ್ಕಡಿಯಲ್ಲ. ನಾಟಿಯ ದಿನಗಳ ಊಟ ಬೇರೆ, ಸುಗ್ಗಿಯ ಊಟ ಬೇರೆ. ಮೂರನೆಯದು, ಘಟಕ ವಿಶ್ಲೇಷಣೆ. ಮೂಲದಲ್ಲಿ ಮೂರು ಗುಂಪಾಗಿ ನಿಂತ ಪ್ರಶ್ನೆಗಳು ಇಲ್ಲಿಯೂ ಮೂರಾಗಿಯೇ ನಿಲ್ಲುತ್ತವೆಯೆ, ಇಲ್ಲವೆ ವ್ರತ, ಪಥ್ಯ, ಕೊರತೆಗಳೆಂದು ಬೇರೆಯಾಗಿ ಒಡೆಯುತ್ತವೆಯೆ ಎಂಬುದನ್ನು ಅದು ತೋರುತ್ತದೆ. ಗಂಡಸರಲ್ಲೂ ಹೆಂಗಸರಲ್ಲೂ, ಕನ್ನಡದವರಲ್ಲೂ ತೆಲುಗಿನವರಲ್ಲೂ ಅದು ಒಂದೇ ಬಗೆಯಾಗಿ ನಿಂತರೆ ಮಾತ್ರ ಅವರವರ ಅಂಕಗಳನ್ನು ಹೋಲಿಸಲು ನಮಗೆ ಹಕ್ಕಿದೆ.

ಕೊನೆಯದೂ ಕಠಿಣವಾದದ್ದೂ ಸಿಂಧುತ್ವದ ಪರೀಕ್ಷೆ. ಪ್ರಶ್ನಾವಳಿಯ ತೀರ್ಪನ್ನು, ಅನುಭವಿ ವೈದ್ಯರು ಎದುರು ಕೂತು ವಿಚಾರಿಸಿ ಕೊಟ್ಟ ತೀರ್ಪಿನೊಡನೆ ಹೋಲಿಸಬೇಕು. ಇದನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಿದರ್ಶನವಿದೆ. ಮೈಕೆಲ್ ಕಿಂಗ್ ಮತ್ತು ದಿನೇಶ್ ಭುಗ್ರಾ ಉತ್ತರ ಭಾರತದ ಊರೊಂದರ ಶಾಲಾ ಬಾಲಕಿಯರಿಗೆ ೨೬ ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟು ನೋಡಿದ್ದು ೧೯೮೯ರಲ್ಲಿ ಪ್ರಕಟವಾಯಿತು. ಆ ಪಟ್ಟಿಯಲ್ಲಿ ೨೦ ಅಂಕ ಮುಟ್ಟಿದರೆ ಅಪಾಯದ ಗೆರೆ. ಶೇಕಡ ಸುಮಾರು ೨೯ ಬಾಲಕಿಯರು ಗೆರೆ ದಾಟಿದ್ದರು. ಅಷ್ಟೊಂದು ಮಕ್ಕಳು ರೋಗಿಗಳೆ? ಉತ್ತರಗಳನ್ನು ಬಿಡಿಸಿ ನೋಡಿದಾಗ, ಕೆಲವು ಪ್ರಶ್ನೆಗಳನ್ನು ಹುಡುಗಿಯರು ತಮ್ಮ ಸಮಾಜದ, ಧರ್ಮದ ರೂಢಿಗೆ ತಕ್ಕಂತೆ ತಿಳಿದುಕೊಂಡದ್ದರಿಂದ ಅಂಕ ಏರಿತ್ತೆಂದು ಕಂಡುಬಂತು. ಊಟದ ಮುಂದೆ ಸಂಯಮ ತೋರುವುದನ್ನು ರೋಗದ ಗುರುತೆಂದು ಒಂದು ನಾಡು ಬರೆದುಕೊಂಡಿದ್ದರೆ, ಒಳ್ಳೆಯ ಮನೆತನದ ಗುರುತೆಂದು ಇನ್ನೊಂದು ನಾಡು ಕಲಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲವನ್ನೂ ನಮ್ಮ ಊರಿಗೆ ತಕ್ಕಂತೆ ಬದಲಿಸಿಬಿಟ್ಟರೆ ಹೊರನಾಡಿನ ಅಂಕಿಗಳೊಡನೆ ಹೋಲಿಸುವಂತಿಲ್ಲ. ಏನೂ ಬದಲಿಸದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಈ ಇಕ್ಕಟ್ಟಿನಿಂದ ಪೂರ್ತಿ ಪಾರಾಗುವ ದಾರಿ ನನಗೆ ಕಾಣದು. ಆದರೆ ಮಧ್ಯದ ದಾರಿಯೊಂದಿದೆ. ಅರ್ಥ ಉಳಿಯುವ ಪ್ರಶ್ನೆಗಳನ್ನು ಉಳಿಸಿಕೊಳ್ಳಬೇಕು. ಬೇಕರಿಯಂಥವನ್ನು ಧೈರ್ಯವಾಗಿ ಬದಲಿಸಿ, ಬದಲಿಸಿದ್ದೇವೆಂದು ಬರೆಯಬೇಕು. ಒಂದೇ ಆಗಿ ಕೇಳಿಸುವ ಪ್ರಶ್ನೆಗಳಲ್ಲಿ ಸಂದರ್ಭವನ್ನು ಹೇಳಬೇಕು: ‘ಕೆಲಸವಿಲ್ಲದೆ ಹೊತ್ತು ಹೋಗದಾಗ’, ‘ಯಾರಾದರೂ ಮನಸ್ಸು ನೋಯಿಸಿದಾಗ’ ಎಂದರೆ ಬೇಸರ ತಾನೇ ಬಿಡಿಬಿಡಿಯಾಗುತ್ತದೆ. ‘ಕಡಿಮೆ ಉಣ್ಣುತ್ತೇನೆ’ ಎಂದವರಿಗೆಲ್ಲ ‘ಯಾವ ಕಾರಣಕ್ಕೆ?’ ಎಂಬ ಮರುಪ್ರಶ್ನೆಯನ್ನು ಜೋಡಿಸಿ, ವ್ರತ, ಪಥ್ಯ, ಕೊರತೆ, ಅಂಜಿಕೆಗಳನ್ನು ಬೇರೆಬೇರೆ ಮನೆಗಳಲ್ಲಿ ಬರೆದುಕೊಳ್ಳಬೇಕು. ಅಪಾಯದ ಗೆರೆಯನ್ನು ಎರವಲು ತರದೆ ಇಲ್ಲಿಯ ಜನರಿಂದಲೇ ಕಂಡುಕೊಳ್ಳಬೇಕು.

ಇದು ಪಂಡಿತರ ಕೂದಲು ಸೀಳುವ ಕೆಲಸವೆಂದು ಯಾರೂ ತಿಳಿಯಬಾರದು. ಆಸ್ಪತ್ರೆಯ ಚೀಟಿಯ ಮೇಲೆ ಬರೆದ ಒಂದು ಅಂಕಿಗೆ ದೊಡ್ಡ ಅಧಿಕಾರವಿದೆ. ಅದು ವ್ರತ ಹಿಡಿದ ಮುದುಕಿಯನ್ನು ರೋಗಿಯೆಂದು ಕರೆಯಬಹುದು. ಕೊನೆಗೆ ಉಣ್ಣುವ ಸೊಸೆಯ ಹಸಿವಿಗೆ ಸಂಯಮವೆಂಬ ಗೌರವದ ಹೆಸರಿಟ್ಟು ಆಕೆಗೆ ಬೇಕಾದ ಅನ್ನವನ್ನು ಮರೆಮಾಡಬಹುದು. ಅವರಿಬ್ಬರ ಗುಂಪಿನಲ್ಲಿ ಸೇರಿಹೋದ ಆ ಐದನೆಯ ಹುಡುಗಿ, ನಿಜವಾಗಿ ಚಿಕಿತ್ಸೆ ಬೇಕಾದವಳು, ಯಾರ ಕಣ್ಣಿಗೂ ಬೀಳದೆ ಮನೆಗೆ ಮರಳಬಹುದು. ಅನುವಾದಿತ ಪ್ರಶ್ನೆಗೆ ಮುದ್ರೆ ಒತ್ತುವ ಮುನ್ನ ಈ ಮೂವರನ್ನೂ ಬೇರೆಬೇರೆಯಾಗಿ ಗುರುತಿಸಲು ಅದಕ್ಕೆ ಬರುತ್ತದೆಯೆ ಎಂದು ಪರೀಕ್ಷಿಸುವುದೇ ಸಿಂಧುತ್ವ.